ಡೇ-ಕೇರ್‌ನವರು ‘ಲೈಸೆನ್ಸ್ ಅದ’ ಅಂತಾರ. ಯಾವ ಲೈಸೆನ್ಸ್, ತಪಾಸಣೆ ಯಾರು ಮಾಡಿದ್ರು ಅಂತ ತಿಳಿಯೋದು ಹೆಂಗ?

ನಿಮ್ಮ ಪ್ರಶ್ನೆ ಇಷ್ಟು: ಗಂಡ ಹೆಂಡತಿ ಇಬ್ಬರೂ ನೌಕರಿಯವರು, ಒಂದೂವರೆ ವರ್ಷದ ಮಗಳು, ವಿಜಯಪುರದಲ್ಲಿ ಮನೆ ಹತ್ತಿರವೇ ಒಂದು ಡೇ-ಕೇರ್. ಹೊರಗೆ ‘ಸರಕಾರದಿಂದ ಮಾನ್ಯತೆ ಪಡೆದಿದೆ’ ಅಂತ ಬೋರ್ಡು, ಒಳಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದ ಸರ್ಟಿಫಿಕೇಟು. ಅದನ್ನು ನಂಬಬಹುದೇ, ತಪಾಸಣೆ ವರದಿ ಎಲ್ಲಿ ಸಿಗುತ್ತದೆ?

ಮೊದಲು ಆ ಸರ್ಟಿಫಿಕೇಟು ಯಾವುದು ಅಂತ ಓದ್ರಿ. ಖಾಸಗಿ ಡೇ-ಕೇರ್‌ಗೆ ಅಂತ ಒಂದೇ ಕಚೇರಿ ಕೊಡುವ ಒಂದೇ ಲೈಸೆನ್ಸ್ ನಮ್ಮಲ್ಲಿ ಇಲ್ಲ. ಗೋಡೆ ಮೇಲೆ ಇರೋದು ಸಾಮಾನ್ಯವಾಗಿ ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ, ಅಥವಾ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಕಾರ್ಮಿಕ ಇಲಾಖೆಯಲ್ಲಿ ಮಾಡಿಸಿದ ನೋಂದಣಿ, ಅಥವಾ ಎಲ್‌ಕೆಜಿ-ಯುಕೆಜಿ ನಡೆಸಲು ಶಿಕ್ಷಣ ಇಲಾಖೆ ಕೊಟ್ಟ ಆದೇಶ, ಅಥವಾ ಟ್ರಸ್ಟಿನ ನೋಂದಣಿ ಪತ್ರ, ಇಲ್ಲವೇ ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರ ಕೊಡುವ ‘ಉದ್ಯಮ್’ ನೋಂದಣಿ. ಕೊನೆಯದನ್ನಂತೂ ಆಧಾರ್ ನಂಬರ್ ಹಾಕಿ ಮೊಬೈಲಿನಲ್ಲೇ, ಪುಕ್ಕಟೆ ತಗೋಬಹುದು. ಅದಕ್ಕಾಗಿ ಯಾವ ಅಧಿಕಾರಿಯೂ ಕಟ್ಟಡದೊಳಗೆ ಕಾಲಿಡುವುದಿಲ್ಲ. ಸರಕಾರದ ಲಾಂಛನ ಇದೆಯಲ್ಲ, ನೋಡಿದವರಿಗೆ ಮಾನ್ಯತೆ ಅನಿಸುತ್ತದೆ, ಅಷ್ಟೇ. ಕೆಲವರು ಬಾಲನ್ಯಾಯ ಕಾಯ್ದೆಯ ಹೆಸರು ಹೇಳುತ್ತಾರೆ. ಅದರ ನೋಂದಣಿ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ಸಾಕುವ ಪಾಲನಾ ಸಂಸ್ಥೆಗಳಿಗೆ. ಮುಂಜಾನೆ ಬಿಟ್ಟು ಸಂಜೆ ಕರೆದೊಯ್ಯುವ ಜಾಗಕ್ಕಲ್ಲ.

ಯಾವ ಕಾಗದವೇ ಇರಲಿ, ಮೂರು ಜಾಗದಲ್ಲಿ ಕಣ್ಣಿಡ್ರಿ. ಒಂದು ವಿಳಾಸ: ಕೇಂದ್ರ ಹಳೆ ಬಾಡಿಗೆ ಮನೆ ಬಿಟ್ಟು ಹೊಸದಕ್ಕೆ ಬಂದಿರುತ್ತದೆ, ಪರವಾನಗಿ ಹಳೆ ಮನೆಯದೇ ಇರುತ್ತದೆ. ಕಾಗದದಲ್ಲಿ ನೆಲಮಹಡಿ, ಮಕ್ಕಳು ಮಾತ್ರ ಮೇಲಿನ ಮಹಡಿಯಲ್ಲಿ, ಇದೂ ಉಂಟು. ಎರಡು ‘ಉದ್ದಿಮೆಯ ಸ್ವರೂಪ’ ಅನ್ನುವ ಸಾಲು: ಅಲ್ಲಿ ‘ಟ್ಯೂಷನ್’ ಅಂತ ಬರೆದಿದ್ದರೆ ಪಾಲಿಕೆಯ ಲೆಕ್ಕದಲ್ಲಿ ಅಲ್ಲಿ ಕೂಸುಗಳೇ ಇಲ್ಲ. ಮೂರು ಅವಧಿ: ಉದ್ದಿಮೆ ಪರವಾನಗಿ ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ, ಹಾಗಾಗಿ ಏಪ್ರಿಲ್ ನಂತರ ಹೋದರೆ ನವೀಕರಣದ ರಸೀದಿ ಕೇಳ್ರಿ. ಊಟ ಅಲ್ಲೇ ಮಾಡಿ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಂಬರ್ ಬೇಕು. 14 ಅಂಕಿ, ಅವರ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ತಿಳಿಯುತ್ತದೆ. 11 ಅಂಕಿಯ ಯು-ಡೈಸ್ ನಂಬರ್ ತೋರಿಸಿದರೆ ಅದು ಶಾಲೆಯದು. ನಿಮ್ಮ ಮಗಳಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ತಪಾಸಣೆ. ಪಾಲಿಕೆಯ ಆರೋಗ್ಯ ನಿರೀಕ್ಷಕರು ಬಂದರೆ ಕಸ, ಗಟಾರ, ಶೌಚಾಲಯ ನೋಡುತ್ತಾರೆ. ಕಾರ್ಮಿಕ ನಿರೀಕ್ಷಕರು ಆಯಾಗಳ ಪಗಾರ, ರಜೆ, ಕೆಲಸದ ತಾಸು ನೋಡುತ್ತಾರೆ. ಆಹಾರ ಸುರಕ್ಷತಾಧಿಕಾರಿ ಅಡುಗೆಮನೆ ನೋಡುತ್ತಾರೆ. ಸಂಪಿನ ಮುಚ್ಚಳ, ಮೆಟ್ಟಿಲ ಕಟಕಟೆ, ಗೇಟಿನ ಚಿಲಕ ಇವು ಯಾರ ಪಟ್ಟಿಯಲ್ಲೂ ಸರಿಯಾಗಿ ಬರುವುದಿಲ್ಲ. ಎಲ್ಲ ಕಾಗದ ಸರಿ ಇದ್ದ ಕೇಂದ್ರದಲ್ಲೂ ಅವಘಡ ಆಗುವುದು ಈ ಸಂದಿನಲ್ಲೇ.

ಆದರೂ ಕಡತ ತೆಗೆಸಿ ನೋಡುವುದು ಬಿಡಬ್ಯಾಡ್ರಿ. ಖಾಸಗಿ ಕೇಂದ್ರ ನೇರವಾಗಿ ಮಾಹಿತಿ ಹಕ್ಕಿನಡಿ ಬರುವುದಿಲ್ಲ, ಆದರೆ ಅದರ ಬಗ್ಗೆ ಪಾಲಿಕೆಯಲ್ಲಿರುವ ಕಡತ ಬರುತ್ತದೆ. ಅರ್ಜಿ ಶುಲ್ಕ 10 ರೂ., ಪೋಸ್ಟಲ್ ಆರ್ಡರ್ ಹಚ್ಚಬಹುದು. ರಾಜ್ಯದ ಆರ್‌ಟಿಐ ಆನ್‌ಲೈನ್ ಜಾಲತಾಣದಲ್ಲೂ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಎಲ್ಲರೂ ಎಡವುವುದು ಇಲ್ಲೇ: ‘ಈ ಡೇ-ಕೇರ್ ಸುರಕ್ಷಿತವೇ? ಯಾಕೆ ಕ್ರಮ ಕೈಗೊಂಡಿಲ್ಲ?’ ಅಂತ ಬರೆಯುತ್ತಾರೆ. ಕಾಯ್ದೆಯಲ್ಲಿ ಸಿಗುವುದು ಕಡತದಲ್ಲಿರುವ ದಾಖಲೆ. ಅಧಿಕಾರಿಯ ಅಭಿಪ್ರಾಯ ಕೇಳಿದರೆ ಅರ್ಜಿ ವಾಪಸ್ ಬರುತ್ತದೆ. ಹೀಗೆ ಬರೀರಿ:

‘ಇಂಥ ವಿಳಾಸದಲ್ಲಿ ನಡೆಯುತ್ತಿರುವ ಇಂಥ ಹೆಸರಿನ ಕೇಂದ್ರಕ್ಕೆ ಸಂಬಂಧಿಸಿ, ಕಳೆದ ಮೂರು ಆರ್ಥಿಕ ವರ್ಷಗಳ ಉದ್ದಿಮೆ ಪರವಾನಗಿ ಅರ್ಜಿ, ಪರವಾನಗಿ, ಸ್ಥಳ ಪರಿಶೀಲನಾ ವರದಿಗಳು, ನೀಡಿದ ನೋಟಿಸುಗಳು, ನೋಟಿಸಿಗೆ ಬಂದ ಉತ್ತರ ಮತ್ತು ಅನುಪಾಲನಾ ವರದಿಗಳ ದೃಢೀಕೃತ ಪ್ರತಿ ಒದಗಿಸಿ.’

ಇಷ್ಟು ಸಾಕು. 30 ದಿನದೊಳಗೆ ಉತ್ತರ ಬರಬೇಕು. ಬೇರೆ ಇಲಾಖೆಯದಾದರೆ 6(3)ನೇ ಕಲಮಿನಡಿ 5 ದಿನದೊಳಗೆ ಅವರೇ ವರ್ಗಾಯಿಸಬೇಕು. ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಹಾರ ಸುರಕ್ಷತೆ, ಶಿಕ್ಷಣ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಪ್ರತಿಯೊಂದಕ್ಕೂ ಬೇರೆ ಬೇರೆ ಅರ್ಜಿ. ಬೆಳಗಾವಿ ಜಿಲ್ಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ: ನಿಮ್ಮಲ್ಲಿ ಬೆಳಗಾವಿ, ಚಿಕ್ಕೋಡಿ ಅಂತ ಎರಡು ಶೈಕ್ಷಣಿಕ ಜಿಲ್ಲೆ, ಸರಿಯಾದ ಉಪನಿರ್ದೇಶಕರ ಕಚೇರಿಗೇ ಕಳಿಸ್ರಿ. ಬಾಗಲಕೋಟೆಯಲ್ಲಿ ಪಾಲಿಕೆ ಬದಲು ನಗರಸಭೆ.

ಉತ್ತರ ‘ಪರಿಶೀಲನಾ ವರದಿ ಲಭ್ಯವಿಲ್ಲ’ ಅಂತ ಬಂದರೆ ಬ್ಯಾಸರ ಮಾಡ್ಕೋಬ್ಯಾಡ್ರಿ, ಅದೇ ನಿಮಗೆ ಬೇಕಾದ ಉತ್ತರ. ಮೂರು ವರ್ಷ ಯಾರೂ ನೋಡಿಲ್ಲ ಅಂತ ಅವರೇ ಬರೆದು ಕೊಟ್ಟಂತಾಯಿತು. ವರದಿ ಸಿಕ್ಕರೆ ಹತ್ತೂ ಸಾಲಿಗೆ ‘ಸರಿ ಇದೆ’ ಅಂತ ಟಿಕ್ ಹಾಕಿದ್ದಕ್ಕೆ ನಾನು ಬೆಲೆ ಕೊಡುವುದಿಲ್ಲ. ‘ಹಿಂದಿನ ಬಾಗಿಲು ತೆರೆಯುತ್ತಿಲ್ಲ, 15 ದಿನದಲ್ಲಿ ಸರಿಪಡಿಸಿ’ ಅಂತ ಒಂದು ದೋಷ, ಕೆಳಗೆ ಅದು ಸರಿಯಾದ ತಾರೀಖು ಇದ್ದರೆ ಆ ಕೇಂದ್ರ ಎಷ್ಟೋ ವಾಸಿ. ಒಂದೇ ದೋಷ ಎರಡು ವರ್ಷದ ವರದಿಯಲ್ಲೂ ಬಂದಿದ್ದರೆ ಮಾತ್ರ ಹುಷಾರು.

ಇದಕ್ಕೆಲ್ಲ ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ನೀವೇ ಹೋಗಿ ನೋಡ್ರಿ, ಮಧ್ಯಾಹ್ನ ಒಂದೂವರೆ ಸುಮಾರಿಗೆ. ಮಕ್ಕಳು ಮಲಗಿರುತ್ತಾರೆ, ಆಯಾಗಳು ಊಟಕ್ಕೆ ಕೂತಿರುತ್ತಾರೆ. ಕೇಂದ್ರದ ನಿಜ ರೂಪ ಆಗ ಕಾಣುತ್ತದೆ.

ಹೋದ ಕೂಡಲೇ ಹಾಜರಿ ಪುಸ್ತಕ ಕೇಳ್ರಿ. ಪ್ರತಿ ಮಗುವಿಗೂ ಬಂದ ಹೊತ್ತು, ಹೋದ ಹೊತ್ತು, ಬಿಟ್ಟವರ ಸಹಿ, ಕರೆದೊಯ್ದವರ ಸಹಿ ಇರಬೇಕು. ಹದಿನೆಂಟು ಹೆಸರಿನ ಮುಂದೂ ‘9.30’, ಎಲ್ಲ ಒಂದೇ ಪೆನ್ನು, ಒಂದೇ ಕೈಬರಹ ಅಂದರೆ ಆ ಪುಟ ಸಂಜೆ ಕೂತು ತುಂಬಿದ್ದು. ನಂತರ ಖೋಲಿಯಲ್ಲಿ ತಲೆ ಎಣಿಸ್ರಿ. ಪುಸ್ತಕದಲ್ಲಿ 14, ಚಾಪೆ ಮೇಲೆ 16 ಇದ್ದರೆ ಬೆಂಕಿ ಬಿದ್ದ ಹೊತ್ತಿನಲ್ಲಿ ಎಷ್ಟು ಮಕ್ಕಳನ್ನು ಹೊರಗೆ ತರಬೇಕು ಅನ್ನುವುದೇ ಅವರಿಗೆ ಗೊತ್ತಿಲ್ಲ ಅಂತಾಯಿತು. ಗೋಡೆ ಮೇಲಿನ ಎಲ್ಲ ಸರ್ಟಿಫಿಕೇಟಿಗಿಂತ ಈ ಒಂದು ಎಣಿಕೆ ನನಗೆ ದೊಡ್ಡದು. ಬಿದ್ದದ್ದು, ಕಚ್ಚಿದ್ದು, ಜ್ವರ ಬಂದದ್ದು ಬರೆಯುವ ಪುಸ್ತಕವನ್ನೂ ಕೇಳ್ರಿ. ವರ್ಷಪೂರ್ತಿ ಒಂದೂ ದಾಖಲೆ ಇಲ್ಲದಿದ್ದರೆ ಅಲ್ಲಿ ಮಕ್ಕಳು ಬೀಳುವುದೇ ಇಲ್ಲ ಅಂತಲ್ಲ, ಬರೆಯುವವರು ಇಲ್ಲ ಅಂತ.

ಎಷ್ಟು ಮಕ್ಕಳಿಗೆ ಎಷ್ಟು ಜನ ಅನ್ನುವುದಕ್ಕೆ 2013ರ ರಾಷ್ಟ್ರೀಯ ಇಸಿಸಿಇ (ಶಾಲೆಗೂ ಮುಂಚಿನ ಮಕ್ಕಳ ಆರೈಕೆ-ಶಿಕ್ಷಣ) ನೀತಿಯ ಅಳತೆ ಹಿಡೀರಿ: ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು. ಜಾಗ 30 ಮಕ್ಕಳಿಗೆ 35 ಚದರ ಮೀಟರ್, ಅಂದರೆ ಮಗುವಿಗೆ ಹನ್ನೆರಡೂವರೆ ಚದರ ಅಡಿ. 10 ಅಡಿ ಉದ್ದ 12 ಅಡಿ ಅಗಲದ ಖೋಲಿಯಲ್ಲಿ ಒಂಬತ್ತು ಮಕ್ಕಳು ಹಿಡಿಯುತ್ತಾರೆ, ಹದಿನೈದಲ್ಲ. ಅಡುಗೆ ಮಾಡುವ ಆಯಾಳನ್ನು ಈ ಲೆಕ್ಕದಲ್ಲಿ ಸೇರಿಸಬ್ಯಾಡ್ರಿ.

ಆಮೇಲೆ ಸಂಪು. ನಲ್ಲಿ ನೀರು ದಿನಾ ಬರುವುದಿಲ್ಲ ಅಂತ ನಮ್ಮಲ್ಲಿ ಮನೆಮನೆಗೂ ಅಂಗಳದಲ್ಲಿ ಸಂಪು ಇದೆ. ಮುಚ್ಚಳ ತಗಡಿನದೋ, ಪ್ಲಾಸ್ಟಿಕ್ಕಿನದೋ, ಫರಸಿ ಕಲ್ಲಿನದೋ ನೋಡ್ರಿ. ತಗಡು ತುಕ್ಕು ಹಿಡಿದು ಅಂಚಿನಲ್ಲಿ ಮೆತ್ತಗಾಗಿರುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಸೀಳುತ್ತದೆ. ಕಲ್ಲು ಗಟ್ಟಿ, ಆದರೆ ಎತ್ತಲು ಭಾರ ಅಂತ ಅರ್ಧ ಸರಿಸಿಟ್ಟು ಬಿಡುತ್ತಾರೆ. ಕೊಂಡಿ ಇದ್ದು ಕೀಲಿ ಹಾಕಿರಬೇಕು. ಅದಕ್ಕಿಂತ ಮುಖ್ಯ ಪ್ರಶ್ನೆ: ಟ್ಯಾಂಕರ್ ಬಂದಾಗ, ಪೈಪು ಒಳಗೆ ಬಿಟ್ಟಿರುವಾಗ, ಸಂಪಿನ ಹತ್ತಿರ ಯಾರು ನಿಲ್ಲುತ್ತಾರೆ? ಹೆಸರು ಹೇಳಬೇಕು. ‘ಯಾರಾದರೂ ಇರ್ತಾರ್ರಿ’ ಅಂದರೆ ಯಾರೂ ಇರುವುದಿಲ್ಲ. ಬಚ್ಚಲದಲ್ಲಿ ತುಂಬಿದ ಬಕೆಟ್ ಕೂಡ ಸಂಪಿನಷ್ಟೇ ಅಪಾಯ: ತಲೆ ಭಾರದ ಕೂಸು ಒಳಗೆ ಬಾಗಿ ಬಿದ್ದರೆ ಮೇಲೇಳಲು ಆಗುವುದಿಲ್ಲ. ಬಕೆಟ್ ಬೋರಲು ಹಾಕಿರಬೇಕು, ಬಾಗಿಲಿಗೆ ಹೊರಗಿನಿಂದ, ಮೇಲೆ, ಚಿಲಕ ಇರಬೇಕು.

ಕುಡಿಯುವ ನೀರಿನ ಪರೀಕ್ಷಾ ವರದಿ ಇದ್ದರೆ ಮಾದರಿ ತೆಗೆದದ್ದು ಎಲ್ಲಿಂದ ಅಂತ ಓದ್ರಿ. ವರದಿ ಬೋರಿನದು, ಮಕ್ಕಳು ಕುಡಿಯುವುದು ಕ್ಯಾನಿನದು ಅಂತ ಆಗಬಾರದು. ವಿಜಯಪುರ, ಬಾಗಲಕೋಟೆ ಎರಡೂ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ತೊಂದರೆ ಇದೆ. ಕುಡಿಯುವ ನೀರಿನ ರಾಷ್ಟ್ರೀಯ ಮಾನದಂಡ ಐಎಸ್ 10500 ಪ್ರಕಾರ ಅದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಹೆಚ್ಚೆಂದರೆ 1.5. ಹಲ್ಲು ಮೂಡುವ ಮೊದಲೇ, ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಹಿಡಿಯುತ್ತದೆ, ಹಾಗಾಗಿ ಈ ವಯಸ್ಸಿಗೇ ಎಚ್ಚರ ಬೇಕು. 100 ಮಿ.ಲೀ. ನೀರಲ್ಲಿ ಇ-ಕೋಲಿ ಒಂದೂ ಇರಬಾರದು. ಆರ್‌ಒ ಯಂತ್ರ ಇದ್ದರೂ ಅದರಿಂದ ತುಂಬಿಡುವ ಡ್ರಮ್ಮಿಗೆ ಕೈ ಅದ್ದಿ ಲೋಟ ತುಂಬುತ್ತಿದ್ದರೆ ಫಲವಿಲ್ಲ.

ಅಡುಗೆಮನೆಯಲ್ಲಿ ಸಿಲಿಂಡರಿನ ಕುತ್ತಿಗೆ ಪಟ್ಟಿ ಮೇಲೆ ‘ಸಿ-27’ ಥರ ಬರೆದಿರುತ್ತದೆ. ಎ ಅಂದರೆ ಜನವರಿ-ಮಾರ್ಚ್, ಬಿ ಏಪ್ರಿಲ್-ಜೂನ್, ಹಾಗೇ ಮುಂದೆ; 27 ಅಂದರೆ 2027ನೇ ಇಸವಿ. ಆ ಅವಧಿಯೊಳಗೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. 14.2 ಕೆಜಿಯ ಕೆಂಪು ಸಿಲಿಂಡರ್ ಕಂಡರೆ ಅದು ಮನೆ ಕನೆಕ್ಷನ್. 19 ಕೆಜಿಯ ವಾಣಿಜ್ಯ ಸಿಲಿಂಡರ್ ಇರಬೇಕಿತ್ತು. ರಬ್ಬರ್ ಪೈಪಿನ ಮೇಲೆ ತಯಾರಾದ ವರ್ಷ ಇರುತ್ತದೆ, ಐದು ವರ್ಷಕ್ಕೆ ಬದಲಿಸಬೇಕು. ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು, ಪಿನ್ನಿಗೆ ಸೀಲು ಇರಬೇಕು, ಮತ್ತು ಆಯಾಳಿಗೆ ಪಿನ್ ಎಲ್ಲಿದೆ ಅಂತ ಗೊತ್ತಿರಬೇಕು. ಕೇಳಿ ನೋಡ್ರಿ, ಮಾಲೀಕರನ್ನಲ್ಲ, ಆಯಾಳನ್ನು.

ಮೀಟರ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ, ಅದರ ‘ಟಿ’ ಗುಂಡಿ ಒತ್ತಲು ಹೇಳ್ರಿ. ಫಟ್ ಅಂತ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಇದ್ದೂ ಇಲ್ಲದಂತೆ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲೆಲ್ಲೂ ತಗಡಿನ ಕೂಲರ್: ನೀರು, ಮೋಟರ್, ಲೋಹದ ಡಬ್ಬಿ, ಒದ್ದೆ ಫರಸಿ. ಅರ್ಥಿಂಗ್ ಇಲ್ಲದ ಕೂಲರನ್ನು ತೆವಳುವ ಕೂಸು ಮುಟ್ಟುವ ಎತ್ತರದಲ್ಲಿ ಇಟ್ಟಿದ್ದರೆ, ಉಳಿದದ್ದು ಎಷ್ಟೇ ಚೆಂದ ಇರಲಿ, ನಾನು ಅಲ್ಲಿ ಬಿಡುವುದಿಲ್ಲ.

ಆಯಾ, ವಾಚ್‌ಮನ್, ವ್ಯಾನಿನ ಡ್ರೈವರ್ ಮೂವರದೂ ಪೊಲೀಸ್ ಪರಿಶೀಲನಾ ಪತ್ರ ಬೇಕು. ರಾಜ್ಯ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ ತಗೋಬಹುದು, ಹಾಗಾಗಿ ‘ಸಿಗಲಿಲ್ಲ’ ಅನ್ನುವ ಸಬೂಬು ನಡೆಯುವುದಿಲ್ಲ. ಸಿಸಿ ಕ್ಯಾಮೆರಾ ಇದೆ ಅಂದರೆ ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಅಂತ ಕೇಳಿ, ಹೋದ ವಾರದ ಒಂದು ಹೊತ್ತು ತೆಗೆದು ತೋರಿಸಲು ಹೇಳ್ರಿ.

ದೋಷ ಕಂಡರೆ ಪಾಲಿಕೆ ಆಯುಕ್ತರಿಗೆ ಒಂದು ಪ್ರತಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಒಂದು ಪ್ರತಿ, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ರಿ. ಆ ಮುದ್ರೆಯ ತಾರೀಖು ಇದ್ದರೆ ‘ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ’ ಅಂತ ಮುಂದೆ ಇನ್ನೊಂದು 10 ರೂಪಾಯಿ ಅರ್ಜಿ ಹಾಕಬಹುದು. ಮಗುವಿಗೆ ಹೊಡೆತ, ದೌರ್ಜನ್ಯದ ಅನುಮಾನ ಇದ್ದರೆ ಅರ್ಜಿ ಗಿರ್ಜಿ ಬಿಟ್ಟು ನೇರ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ನಂಬರ್ 112.

ಅರ್ಜಿ ನಾಳೆಯೇ ಹಾಕ್ರಿ, ಭೇಟಿಯೂ ಇದೇ ವಾರ ಮುಗಿಸ್ರಿ. ತಲೆ ಎಣಿಕೆ ತಪ್ಪಿದರೆ, ಇಲ್ಲವೇ ಸಂಪಿಗೆ ಕೀಲಿ ಇಲ್ಲದಿದ್ದರೆ ಪಾಲಿಕೆಯ ಉತ್ತರಕ್ಕೆ ಕಾಯದೆ ಬೇರೆ ಕೇಂದ್ರ ನೋಡಲು ಶುರು ಮಾಡ್ರಿ.