ಜಪಾನಿನ ಹಿಮೇಜಿ ಕೋಟೆ ಅಷ್ಟು ಬೆಳ್ಳಗಿರುವುದು ಯಾಕೆ?

ಬೆಂಕಿಯ ಭಯಕ್ಕೆ. ಕೋಟೆಯ ಒಳಮೈಯೆಲ್ಲ ಮರದ್ದು. ಹಾಗಾಗಿ ಗೋಡೆಗಷ್ಟೇ ಅಲ್ಲ, ಸೂರಿನ ಅಡಿಗೂ ಹೆಂಚಿನ ಸಂದಿಗೂ ಸುಣ್ಣದ ಗಾರೆ ಬಳಿದಿದ್ದಾರೆ. ಸುಣ್ಣಕ್ಕೆ ನಾರು ಮತ್ತು ಕಡಲ ಪಾಚಿಯಿಂದ ತೆಗೆದ ಅಂಟು ಬೆರೆಸಿದ ಗಾರೆ ಅದು. ಉರಿಯುವ ಬಾಣ ಬಿದ್ದರೂ ಒಳಗಿನ ಮರ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಚಂದ ಕಾಣುವುದು ಜೊತೆಗೆ ಸಿಕ್ಕ ಲಾಭ!

ಈಗಿನ ರೂಪ ಕೊಟ್ಟವನು ಅಲ್ಲಿನ ಸಾಮಂತ ದೊರೆ ಇಕೆಡಾ ತೆರುಮಾಸಾ, 1601ರಿಂದ 1609ರ ನಡುವೆ. ತಮಾಷೆ ಅಂದರೆ, ಆಮೇಲೆ ಅದರ ಮೇಲೆ ದೊಡ್ಡ ಮುತ್ತಿಗೆಯೇ ಆಗಲಿಲ್ಲ. 1945ರ ಬಾಂಬ್ ದಾಳಿಗೆ ಸುತ್ತಲ ಊರು ಸುಟ್ಟುಹೋಯಿತು, ಕೋಟೆ ಉಳಿಯಿತು. ಅದಕ್ಕೆ ಗಾರೆಗಿಂತ ಅದೃಷ್ಟವೇ ಜಾಸ್ತಿ ಕಾರಣ ಅನ್ನಿ.

ಹೋಗುವುದಾದರೆ ಏಪ್ರಿಲ್ ಮೊದಲ ವಾರ ಹೋಗಿ, ಚೆರಿ ಹೂ ಬಿಟ್ಟಿರುತ್ತದೆ. ಪಕ್ಕದ ಕೊಕೊ-ಎನ್ ತೋಟವನ್ನೂ ಬಿಡಬೇಡಿ.