ಮೀಟಿಂಗ್ ಭಾಷೆ ನನಗೆ ಬರಲ್ಲ ಅಕ್ಕ, ಕೆಲಸ ಬಿಡಲಾ?

ಪ್ರಶ್ನೆ: ಅಕ್ಕ, ನನಗೆ 26 ವರ್ಷ. ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವ ಒಂದು ಕಂಪನಿಯಲ್ಲಿ ಫೀಲ್ಡ್ ಕೆಲಸ. ಓದಿದ್ದು ಕನ್ನಡ ಮೀಡಿಯಂ. ಹೊಸ ಮ್ಯಾನೇಜರ್ ಬಂದ ಮೇಲೆ ಮೀಟಿಂಗ್ ತುಂಬ ಸಿನರ್ಜಿ, ಬ್ಯಾಂಡ್‌ವಿಡ್ತ್, ಅಲೈನ್‌ಮೆಂಟ್, ಬರೀ ಇವೇ. ಹೋದ ತಿಂಗಳು ವರದಿಯಲ್ಲಿ 'ಮೂಡಿಗೆರೆ ಕಡೆಯ 12 ಬೆಳೆಗಾರರು ಈ ಸಲ ನಮಗೆ ಕಾಫಿ ಕೊಡಲ್ಲ ಅನ್ನುತ್ತಿದ್ದಾರೆ, ಹೋದ ಸಲದ ದುಡ್ಡು ಎರಡು ತಿಂಗಳು ತಡವಾಗಿತ್ತು' ಎಂದು ಬರೆದೆ. ಪ್ರೊಫೆಷನಲ್ ಆಗಿಲ್ಲ ಅಂತ ವಾಪಸ್ ಬಂತು. 'ಸ್ಟೇಕ್‌ಹೋಲ್ಡರ್ ಎಂಗೇಜ್‌ಮೆಂಟ್ ಬಲಪಡಿಸಲು ಅವಕಾಶವಿದೆ' ಅಂತ ತಿದ್ದಿಸಿದರು. ಈ ಭಾಷೆ ಕಲಿಯಲಾ, ಕೆಲಸ ಬಿಡಲಾ?

ಉತ್ತರ: ತಂಗಿ, ನೀನು ಮೊದಲು ಬರೆದದ್ದೇ ಸರಿಯಾಗಿತ್ತು. ಎಷ್ಟು ಜನ, ಯಾವ ಕಡೆಯವರು, ಯಾಕೆ ಸಿಟ್ಟಾಗಿದ್ದಾರೆ, ಎಲ್ಲ ಅದರಲ್ಲಿತ್ತು. ತಿದ್ದಿದ ಸಾಲಿನಲ್ಲಿ ಅದ್ಯಾವುದೂ ಇಲ್ಲ. ದುಡ್ಡು ಬರಲಿಲ್ಲ ಅಂತ ವಾರದ ಬಟವಾಡೆಗೆ ಕೈಸಾಲ ಮಾಡಿದ ಬೆಳೆಗಾರರ ಕಷ್ಟ 'ಅವಕಾಶ' ಆಗಿಬಿಟ್ಟಿತಲ್ಲ, ನನಗೆ ನೋವಾದದ್ದು ಅಲ್ಲಿ.

ಹಾಸನದಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ 'ಈ ವಾರ ಎಲ್ಲರೂ ಅಲೈನ್ ಆಗೋಣ' ಅಂದರು. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ಶನಿವಾರ ನೋಡಿದರೆ ಪಟ್ಟಿ ಮಾಡಬೇಕಾದವರು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ. ಬೈಸಿಕೊಂಡವಳು ನಾನು. ನಾನೇ ದಡ್ಡಿ ಅಂತ ಆ ರಾತ್ರಿ ಅತ್ತಿದ್ದೆ. ಅರ್ಥ ಮಾಡಿಕೊಳ್ಳಲು ಆ ಮಾತಿನೊಳಗೆ ಏನೂ ಇರಲಿಲ್ಲ ಅಂತ ಹೊಳೆಯಲು ವರ್ಷಗಳೇ ಬೇಕಾದವು.

ಹಾಗಂತ ಗೊತ್ತಿಲ್ಲದ ಪದವೆಲ್ಲ ಟೊಳ್ಳು ಅಂದುಕೊಳ್ಳಬೇಡ. ನೀನು ದಿನಾ ಆಡುವ ಔಟ್‌ಟರ್ನ್ ಅನ್ನೇ ತೆಗೆದುಕೊ. 50 ಕೆಜಿ ಒಣ ಚೆರಿಯಿಂದ, ಅಂದರೆ ಒಣಗಿಸಿದ ಕಾಫಿ ಹಣ್ಣಿನಿಂದ, 26 ಕೆಜಿ ಬೀಜ ಬಂದರೆ ಔಟ್‌ಟರ್ನ್ 26, ಅರ್ಧ ಕೆಜಿ ಆಚೀಚೆ ಆದರೂ ಮೂಟೆಯ ದುಡ್ಡು ಬದಲಾಗುತ್ತದೆ, ಅದಕ್ಕೇ ಸ್ಯಾಂಪಲ್ ತೂಗುವಾಗ ಬೆಳೆಗಾರರು ತಕ್ಕಡಿ ಬಿಟ್ಟು ಕಣ್ಣು ತೆಗೆಯುವುದಿಲ್ಲ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ ಬೀಜಕ್ಕೆ ಅನ್ನುವ ಪಾರ್ಚ್‌ಮೆಂಟ್ ಕೂಡ ಇಂಗ್ಲಿಷ್ ಪದವೇ, ಆದರೂ ಶಾಲೆ ಮೆಟ್ಟಿಲು ಹತ್ತದವರ ಬಾಯಲ್ಲೂ ಸಲೀಸಾಗಿ ಬರುತ್ತದೆ, ಯಾಕೆಂದರೆ ಅದು ಕಣದಲ್ಲಿ ಕಣ್ಣೆದುರೇ ಒಣಗುತ್ತಿರುತ್ತದೆ. ನಿನ್ನ ಕನ್ನಡ ಮೀಡಿಯಂ ಮೇಲೆ ತಪ್ಪು ಹೊರಿಸಬೇಡ. ಬ್ಯಾಂಡ್‌ವಿಡ್ತ್ ಕೂಡ ರೇಡಿಯೋ ಇಂಜಿನಿಯರುಗಳಿಗೆ ಹರ್ಟ್ಸ್ ಲೆಕ್ಕದಲ್ಲಿ ಅಳೆಯುವ ಗಟ್ಟಿ ಪದ. ಆಫೀಸಿನಲ್ಲಿ ಅದರ ಅರ್ಥ ಪುರುಸೊತ್ತು, ಅಷ್ಟೇ. ಪುರುಸೊತ್ತಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ, ಬ್ಯಾಂಡ್‌ವಿಡ್ತ್ ಇಲ್ಲ ಅಂದರೆ ಯಾರೂ ಕೇಳುವುದಿಲ್ಲ.

ಕೆಲಸ ಬಿಡಬೇಡ. ಆ ಪದಗಳನ್ನು ಕಲಿತುಕೊ, ಹದಿನೈದು ದಿನ ಸಾಕು. ಆದರೆ ಮೀಟಿಂಗಲ್ಲಿ ಸುಮ್ನೆ ತಲೆಯಾಡಿಸಬೇಡ. 'ಸರ್, ಹಾಗಾದ್ರೆ ಗುರುವಾರ ನಾನು ಯಾರ ತೋಟಕ್ಕೆ ಹೋಗಲಿ, ಹೋಗಿ ಏನು ಹೇಳಲಿ?' ಅಂತ ಕೇಳು. ನಿನ್ನ ಮ್ಯಾನೇಜರನ್ನು ಕೆಟ್ಟವರು ಅನ್ನಲಾರೆ. ದುಡ್ಡು ತಡವಾಯಿತು ಅಂತ ತಮ್ಮ ಮೇಲಿನವರಿಗೆ ಹೇಳಲು ಅವರಿಗೂ ಭಯ ಇರಬಹುದು ಅಲ್ವಾ? ಎಲ್ಲರೆದುರು ಬೇಡ, ಒಬ್ಬರೇ ಸಿಕ್ಕಾಗ ಆ 12 ಜನ ಬೇರೆಯವರಿಗೆ ಕೊಟ್ಟರೆ ನಮಗೆ ಎಷ್ಟು ಮೂಟೆ ಕಮ್ಮಿಯಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ಮುಂದಿಡು. ಮೂಟೆ ಲೆಕ್ಕಕ್ಕೆ ಅವರು ಕಿವಿಗೊಡುತ್ತಾರೆ.

ವರದಿಗೆ ತಲೆಬರಹ ಅವರದ್ದೇ ಇರಲಿ. ಕೆಳಗಿನ ಸಾಲು ನಿನ್ನದು, ಹೆಸರು ಮತ್ತು ಬಾಕಿ ಮೊತ್ತದ ಸಮೇತ. ತೆಗಿ ಅಂದರೆ ಮೊದಲ ಪ್ರತಿಯನ್ನು ಮೇಲ್‌ನಲ್ಲಿ ಉಳಿಸಿಕೊ, ಯಾಕೆಂದರೆ ನಾಳೆ ಕಾಫಿ ಬರದೇ ಹೋದಾಗ 'ಫೀಲ್ಡಿನವರು ಯಾಕೆ ಮೊದಲೇ ಹೇಳಲಿಲ್ಲ' ಅಂತ ನಿನ್ನನ್ನೇ ಕೇಳುತ್ತಾರೆ.

ತೋಟದವರ ಹತ್ತಿರ ಮಾತ್ರ ಈ ಭಾಷೆ ಖಂಡಿತ ಬೇಡ. ಅವರು ಕೇಳುವುದು ಒಂದೇ, 'ದುಡ್ಡು ಯಾವಾಗ ಹಾಕ್ತೀರಮ್ಮ?' ಅಕೌಂಟ್ಸ್‌ನವರನ್ನು ಕೇಳಿ ತಾರೀಖು ತೆಗೆದುಕೊಂಡು ಹೋಗು. ತಾರೀಖು ಸಿಗದಿದ್ದರೆ ಸಿಕ್ಕಿಲ್ಲ ಅಂತಲೇ ಹೇಳು. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಅಷ್ಟರೊಳಗೆ ಆ 12 ಮನೆಗೂ ಒಂದು ಸಲ ಹೋಗಿ ಬಾ.