ರೋಮನ್ನರ ಆಳ್ವಿಕೆಯಿಂದ ಸೋತ ನಾಡುಗಳ ಜನರ ಬದುಕು ಸುಧಾರಿಸಿತೇ? ಉತ್ಖನನಗಳು ಏನು ಹೇಳುತ್ತವೆ?

ರಸ್ತೆ, ಸ್ನಾನಗೃಹ, ಪಟ್ಟಣಗಳು ಬಂದದ್ದು ನಿಜ. ಆದರೆ ಎಲುಬುಗಳು ಬೇರೆಯೇ ಕಥೆ ಹೇಳುತ್ತವೆ.

ಬ್ರಿಟನ್ನನ್ನೇ ನೋಡಿ. ರೋಮನ್ ಸೇನೆ ಅದನ್ನು ಗೆಲ್ಲಲು ಹೊರಟದ್ದು ಕ್ರಿ.ಶ. 43ರಲ್ಲಿ. ದಕ್ಷಿಣದ ಡಾರ್ಸೆಟ್‌ನಲ್ಲಿ ಕಬ್ಬಿಣಯುಗದ, ಅಂದರೆ ರೋಮನ್ನರು ಬರುವ ಮುಂಚಿನ, ಅಸ್ಥಿಪಂಜರಗಳನ್ನು ರೋಮನ್ ಕಾಲದವುಗಳ ಜೊತೆ ಹೋಲಿಸಿದಾಗ, ಆಳ್ವಿಕೆ ಬದಲಾದ ಮೇಲೆ ಮಕ್ಕಳು ಮತ್ತು ವೃದ್ಧರ ಸಾವಿನ ಅಪಾಯ ಹೆಚ್ಚಿದ್ದು ಕಂಡುಬಂತು. ಇಂಥ ಅಧ್ಯಯನಗಳಲ್ಲಿ ಸಣ್ಣ ಗುರುತುಗಳೇ ಸಾಕ್ಷಿ: ಕಣ್ಣಿನ ಗುಳಿಯ ಮೇಲ್ಭಾಗದಲ್ಲಿ ಜರಡಿಯಂಥ ತೂತುಗಳಿದ್ದರೆ ಬಾಲ್ಯದ ರಕ್ತಹೀನತೆಯ ಶಂಕೆ, ಹಲ್ಲಿನ ಮೇಲೆ ಅಡ್ಡಗೆರೆಗಳಿದ್ದರೆ ಹಸಿವಿನಿಂದಲೋ ಕಾಯಿಲೆಯಿಂದಲೋ ಆ ಮಗುವಿನ ಬೆಳವಣಿಗೆ ಕೆಲಕಾಲ ಕುಂಠಿತವಾಗಿತ್ತು ಎಂದರ್ಥ.

ರೋಮನ್ ಮಾದರಿಯ ಕೆಂಪು ತಟ್ಟೆ ಸಿಕ್ಕಿದೊಡನೆ ಆ ಮನೆಯವರೂ ರೋಮನ್ನರಾದರು ಎಂದು ಹಿಂದಿನ ವಿದ್ವಾಂಸರು ಬರೆದುಬಿಡುತ್ತಿದ್ದರು. ನನಗದು ಅವಸರದ ತೀರ್ಮಾನ. ಎಷ್ಟೋ ಹಳ್ಳಿಗಳಲ್ಲಿ ಜನ ಹಳೆಯ ದುಂಡು ಮನೆಗಳಲ್ಲೇ ತಲೆಮಾರುಗಳ ಕಾಲ ಬಾಳಿದರು.

ಆಳುವವರ ಧೋರಣೆಗೂ ಪುರಾವೆಯಿದೆ. ಬ್ರಿಟನ್ನಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹ್ಯಾಡ್ರಿಯನ್ ಗೋಡೆಯ ಬಳಿಯ ವಿಂಡೊಲಾಂಡ ಎಂಬ ರೋಮನ್ ಕೋಟೆಯಲ್ಲಿ, ಶಾಯಿಯಲ್ಲಿ ಬರೆದ ತೆಳ್ಳನೆಯ ಮರದ ಹಲಗೆಗಳು ಸಿಕ್ಕಿವೆ. ಅವುಗಳಲ್ಲೊಂದು ಸ್ಥಳೀಯರನ್ನು ‘ಬ್ರಿಟ್ಟುಂಕುಲಿ’ ಎಂದು ಹೀಯಾಳಿಸುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪುಟಗೋಸಿ ಬ್ರಿಟನ್ನರು!